ಚಾವಿ ತೆಗೆದರೂ ನಿಲ್ಲದ ಎಂಜಿನ್

ಘಟಪ್ರಭಾದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ವ್ಯಾನ್ ನಿಲ್ಲಿಸಿಕೊಂಡು ಕೂತಿದ್ದಾಗ ಅದು ಮೊದಲ ಸಲ ಆಯಿತು. ಗೇರ್ ನ್ಯೂಟ್ರಲ್‌ನಲ್ಲಿತ್ತು. ಸಂಘಮಿತ್ರಾಳ ಎರಡೂ ಕಾಲು ಪೆಡಲ್ ಬಿಟ್ಟು ಹಿಂದಕ್ಕೆ ಸರಿದಿದ್ದವು. ಎಂಜಿನ್ ತನ್ನಷ್ಟಕ್ಕೆ ತಾನೇ ಏರಿತು, ಇಳಿಯಿತು, ಮತ್ತೆ ಏರಿತು.

"ಯಾಕ ಒತ್ತಾಕತ್ತೀ?" ಎಂದಳು ಪಕ್ಕದ ಸೀಟಿನಲ್ಲಿದ್ದ ಅತ್ತೆ ಕಾಡವ್ವ.

"ನಾ ಒತ್ತಿಲ್ಲ ಅತ್ತಿ."

ಕಾಡವ್ವ ಬಗ್ಗಿ ಸೊಸೆಯ ಕಾಲು ನೋಡಿದಳು.

ಕಾಡವ್ವನೂ ಸೇರಿ ತುಕ್ಕಾನಟ್ಟಿಯ ಹನ್ನೊಂದು ಹೆಂಗಸರನ್ನು ದಿನಾ ಕಣಗಲಾದ ತರಕಾರಿ ಶೆಡ್ಡಿಗೆ ಕರೆದೊಯ್ದು ಸಂಜೆ ವಾಪಸ್ ತರುವುದು ಸಂಘಮಿತ್ರಾಳ ಕೆಲಸ. ಎರಡು ವರ್ಷದ ಹಿಂದಿನವರೆಗೆ ಅವಳೂ ಅವರ ಸಾಲಿನಲ್ಲೇ ಕೂತು ಮೆಣಸಿನಕಾಯಿ ಆರಿಸುತ್ತಿದ್ದಳು. ಶೆಡ್ಡಿನ ಡ್ರೈವರ್ ಕೆಲಸ ಬಿಟ್ಟಾಗ ಲೈಸೆನ್ಸ್ ಇದ್ದವಳು ಅವಳೊಬ್ಬಳೇ. ವ್ಯಾನ್ ಶೆಡ್ಡಿನದು, ಹಳೆಯ ಡೀಸೆಲ್ ಗಾಡಿ. ಆದರೆ ಅದರೊಳಗೆ ಕೂತವರೆಲ್ಲ ತನ್ನ ಓಣಿಯವರು ಅನ್ನುವುದು ಸ್ಟೀರಿಂಗ್ ಹಿಡಿದಾಗಲೆಲ್ಲ ಅವಳ ಮನಸ್ಸಿನಲ್ಲಿರುತ್ತಿತ್ತು.

ಮೂಡಲಗಿಯ ಮೆಕ್ಯಾನಿಕ್ ಲಖನ ಬಾನೆಟ್ ಎತ್ತಿ ಅರ್ಧ ತಾಸು ನೋಡಿದ. ಡೀಸೆಲ್ ಫಿಲ್ಟರ್ ಬದಲಿಸಿದ, ಪೈಪಿನೊಳಗಿನ ಗಾಳಿ ತೆಗೆದ, ಆಕ್ಸಿಲರೇಟರ್ ಕೇಬಲ್ಲಿಗೆ ಎಣ್ಣೆ ಬಿಟ್ಟ. ಆಮೇಲೆ ಎಂಜಿನ್ ಚಾಲೂ ಮಾಡಿದರೆ ಅದು ಸಣ್ಣ ದನಿಯಲ್ಲಿ, ಒಂದೇ ಸಮನೆ ಓಡಿತು.

"ಗಾಡಿ ಬರೋಬ್ಬರಿ ಐತ್ರಿ ಅಕ್ಕಾರ," ಎಂದ ಕೈ ಒರೆಸಿಕೊಳ್ಳುತ್ತ. "ಕೆಲವೊಮ್ಮೆ ನಮಗ ಗೊತ್ತಿಲ್ಲದಂಗ ಕಾಲ ಪೆಡಲ್ ಮ್ಯಾಲ ಇರತೈತಿ. ಹೆಣ್ಣಮಕ್ಕಳು ಗಾಬರಿ ಆದಾಗ ಹಂಗ ಆಗೋದ."

ಅವನು ಕೆಟ್ಟದಾಗಿ ಹೇಳಿರಲಿಲ್ಲ. ಅದಕ್ಕೇ ಆ ಮಾತು ಅವಳೊಳಗೆ ಕೂತುಬಿಟ್ಟಿತು. ನಾಲ್ಕು ದಿನದ ನಂತರ ಎಂಜಿನ್ ಮತ್ತೆ ಏರಿದಾಗ ಅವಳು ಮೊದಲು ನೋಡಿದ್ದು ತನ್ನ ಬಲಗಾಲನ್ನು. ಅದು ಪೆಡಲಿನಿಂದ ಒಂದು ಗೇಣು ದೂರವಿತ್ತು. ಈಗಷ್ಟೇ ಎತ್ತಿಕೊಂಡೆನೇ, ಮೊದಲೇ ಅಲ್ಲಿತ್ತೇ, ಅವಳಿಗೆ ನೆನಪಾಗಲಿಲ್ಲ. ಅಂದಿನಿಂದ ಅಡುಗೆಮನೆಯಲ್ಲಿ ನಿಂತಾಗಲೂ ಆ ಕಾಲು ಬೇರೆ ಯಾರದೋ ಅನ್ನಿಸತೊಡಗಿತು.

ಗೋಕಾಕದ ಕೇದಾರಿಯ ಹೆಸರು ಹೇಳಿದವಳು ಕಾಡವ್ವ. ತಾನು ಕೂಲಿಗೆ ಹೋಗುತ್ತಿದ್ದ ಹೊಲದ ಟ್ರ್ಯಾಕ್ಟರನ್ನು ಅವನೇ ರಿಪೇರಿ ಮಾಡುತ್ತಿದ್ದನಂತೆ. ಡೀಸೆಲ್ ಎಂಜಿನ್ ಬಿಟ್ಟು ಬೇರೆ ಮುಟ್ಟದವನು. ಶನಿವಾರ ಸಂಘಮಿತ್ರಾ ಅವನಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಅವನು ಕಾಲಿನ ಮಾತೇ ಎತ್ತಲಿಲ್ಲ.

"ಎಂಜಿನ್ ಆಯಿಲ್ ಕಮ್ಮಿ ಆಗತೈತೇನವಾ?"

"ಹೂಂ ಕಾಕಾ. ಈ ತಿಂಗಳದಾಗ ಎರಡು ಸಲ ಹಾಕೇನಿ."

"ಮುಂಜಾನೆ ಹೊಗಿ ಯಾವ ಬಣ್ಣದ್ದು ಬರತೈತಿ?"

"ನೀಲಿ."

"ಸೋಮವಾರ ಗಾಡಿ ತಗೊಂಡು ಬಾ," ಎಂದ ಕೇದಾರಿ. "ಅಲ್ಲಿತನಕ ಭಾಳ ಎಳೀಬ್ಯಾಡ."

ಸೋಮವಾರ ಹೆಂಗಸರನ್ನು ಇಳಿಸಿ ಅಲ್ಲಿಂದ ನೇರ ಗೋಕಾಕಕ್ಕೆ ಹೋಗುವುದೆಂದು ಅವಳು ನಿಶ್ಚಯಿಸಿದಳು.

ಆ ಸೋಮವಾರ ಮುಂಜಾನೆ, ಹುಕ್ಕೇರಿ ಇನ್ನೂ ಮೂರು ಕಿಲೋಮೀಟರ್ ಇತ್ತು. ಸಣ್ಣ ಏರು. ಹಿಂದಿನ ಸೀಟಿನಲ್ಲಿ ಉದ್ದವ್ವ ಯಾರದೋ ಮದುವೆಯ ಊಟದ ಸುದ್ದಿ ಹೇಳುತ್ತಿದ್ದಳು. ಏರು ಮುಗಿಯುವಷ್ಟರಲ್ಲಿ ಎಂಜಿನ್ ಕೂಗಿತು. ಹಿಂದೆಂದೂ ಕೇಳದ ಕೂಗು. ವ್ಯಾನ್ ಮುಂದಕ್ಕೆ ಜಿಗಿಯಿತು. ಸಂಘಮಿತ್ರಾ ಬಲಗಾಲನ್ನು ಪೂರ್ತಿ ಎತ್ತಿದಳು. ವೇಗ ಇನ್ನೂ ಹೆಚ್ಚಿತು. ಎದುರಿಗೆ ಕಬ್ಬು ಹೇರಿದ ಟ್ರೇಲರ್ ದೊಡ್ಡದಾಗುತ್ತ ಬಂತು.

ಕ್ಲಚ್ ಮತ್ತು ಬ್ರೇಕ್ ಎರಡನ್ನೂ ಒತ್ತಿ ಅವಳು ಗಾಡಿಯನ್ನು ರಸ್ತೆಯಿಂದ ಕೆಳಗಿಳಿಸಿದಳು. ನಿಂತಿತು. ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಚಾವಿ ತಿರುಗಿಸಿ ಹೊರಗೆ ತೆಗೆದಳು.

ಎಂಜಿನ್ ನಿಲ್ಲಲಿಲ್ಲ.

ಚಾವಿ ಅವಳ ಕೈಯಲ್ಲಿತ್ತು. ಎಂಜಿನ್ ಇನ್ನೂ ಮೇಲಕ್ಕೇರುತ್ತಿತ್ತು. ಕಾಲ ಕೆಳಗಿನ ತಗಡು ನಡುಗುತ್ತಿತ್ತು, ಹಿಂದಿನಿಂದ ದಟ್ಟ ಹೊಗೆ ಎದ್ದು ಕಿಟಕಿಗಳನ್ನು ಮುಚ್ಚುತ್ತಿತ್ತು.

"ಇಳೀರಿ, ಎಲ್ಲಾರೂ ಇಳೀರಿ, ದೂರ ಹೋಗ್ರಿ."

ಬುತ್ತಿ, ಚಪ್ಪಲಿ ಅಲ್ಲಲ್ಲೇ ಬಿಟ್ಟು ಹೆಂಗಸರು ಇಳಿದರು. ಮಂಡಿನೋವಿನ ಕಾಡವ್ವನನ್ನು ಉದ್ದವ್ವ ರಟ್ಟೆ ಹಿಡಿದು ಎಳೆದೊಯ್ದಳು. ಸಂಘಮಿತ್ರಾಳೂ ಇಳಿದು, ಇಪ್ಪತ್ತು ಹೆಜ್ಜೆ ಓಡಿ, ಕೇದಾರಿಗೆ ಫೋನ್ ಹಚ್ಚಿದಳು. ಹೇಳುವ ಅಗತ್ಯವೇ ಬೀಳಲಿಲ್ಲ. ಆ ಸದ್ದು ಅವನಿಗೆ ಕೇಳಿಸಿತ್ತು.

"ಮಂದಿ ಇಳದಾರೇನು?"

"ಇಳದಾರ."

"ಹಂಗಾರ ನೀನೂ ದೂರ ನಿಲ್ಲು. ಎಂಜಿನ್ ಒಡದರ ಒಡೀಲಿ."

ಅವಳು ತಿರುಗಿ ನೋಡಿದಳು. ವ್ಯಾನ್ ನಿಂತದ್ದು ಕಬ್ಬು ಕಡಿದ ಹೊಲದ ಅಂಚಿನಲ್ಲಿ. ಹೊಲದ ತುಂಬ ರವದಿ, ಕಬ್ಬಿನ ಒಣಗರಿ, ಮೊಣಕಾಲೆತ್ತರ ಬಿದ್ದಿತ್ತು. ಅದರ ಆಚೆ ತುದಿಗೆ ಕಬ್ಬು ಕಡಿಯುವವರ ತಾಡಪತ್ರಿ ಗುಡಿಸಲುಗಳು. ಒಂದರ ಮುಂದೆ ಹಸುಗೂಸಿನ ತೊಟ್ಟಿಲು ಕಟ್ಟಿತ್ತು.

"ಕಾಕಾ, ಬಾಜೂಕ ರವದಿ ಐತಿ, ಕಿಡಿ ಬಿದ್ದರ ಹತ್ತತೈತಿ. ಅದರಾಚೆ ಗುಡಸಲ ಅದಾವು. ಕೂಸು ಐತಿ."

ಕೇದಾರಿ ಉಸಿರು ಬಿಟ್ಟದ್ದು ಕೇಳಿಸಿತು. "ಕೇಳು. ಐದನೇ ಗೇರ್ ಹಾಕು. ಬ್ರೇಕ್ ಮ್ಯಾಲ ಪೂರಾ ನಿಂದ್ರು. ಕ್ಲಚ್ ಒಮ್ಮೆಲೆ ಬಿಡು, ಭಾರಕ್ಕ ಎಂಜಿನ್ ಬಂದ್ ಬೀಳತೈತಿ. ಒಂದ ಸಲ. ಆಗಲಿಲ್ಲ ಅಂದ್ರ ನ್ಯೂಟ್ರಲ್ ಮಾಡಿ ಜಿಗದು ಓಡು."

ಬಾಗಿಲ ಹತ್ತಿರ ಹೋಗುವುದೇ ಕಷ್ಟವಾಯಿತು. ತಿರುಗಿ ನೋಡಿದರೆ ಕಾಡವ್ವ ಕೂಗುತ್ತಿದ್ದುದು ಬಾಯಿಯ ಚಲನೆಯಿಂದ ಮಾತ್ರ ತಿಳಿಯುತ್ತಿತ್ತು. ಸೀಟಿನಲ್ಲಿ ಕೂತಾಗ ಕಣ್ಣು ಉರಿದು ಏನೂ ಕಾಣಲಿಲ್ಲ. ಎಡಗಾಲು ಕ್ಲಚ್ ಮೇಲೆ. ಬಲಗಾಲನ್ನು ಬ್ರೇಕಿನ ಮೇಲೆ ಇಟ್ಟಳು. ಇಟ್ಟದ್ದು ಬ್ರೇಕಿನ ಮೇಲೆಯೇ? ಆಕ್ಸಿಲರೇಟರ್ ಮೇಲಿದ್ದರೆ? ಕ್ಲಚ್ ಬಿಟ್ಟ ಕ್ಷಣ ಗಾಡಿ ಹೊಲದೊಳಗೆ ನುಗ್ಗುತ್ತದೆ. ಅವಳು ಬಗ್ಗಿ ಕೈಯಿಂದ ಮುಟ್ಟಿ ನೋಡಿದಳು. ಅಗಲವಾದ ಪೆಡಲ್, ಸವೆದ ರಬ್ಬರು. ಬ್ರೇಕೇ.

ಗೇರ್ ಕರಕರ ಅರಚಿ ಕೂತಿತು. ಮೈಯ ಭಾರವನ್ನೆಲ್ಲ ಬಲಗಾಲಿಗೆ ಹಾಕಿ, ಎಡಗಾಲು ಎತ್ತಿದಳು.

ಯಾರೋ ಗೋಡೆಗೆ ಎತ್ತಿ ಒಗೆದಂತೆ ವ್ಯಾನ್ ಅದುರಿತು. ಒಂದು ಮೊಳ ಮುಂದಕ್ಕೆ ಸರಿಯಿತು. ಎಂಜಿನ್ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಎರಡು ಸಲ ಕೆಮ್ಮಿ ಸತ್ತುಹೋಯಿತು.

ಆ ಮೌನದಲ್ಲಿ ದೂರದ ಕೂಸು ಅಳುತ್ತಿದ್ದುದು ಕೇಳಿಸಿತು. ಸಂಘಮಿತ್ರಾ ಬ್ರೇಕ್ ಒತ್ತಿಕೊಂಡೇ ಕೂತಿದ್ದಳು. ಎಷ್ಟು ಪ್ರಯತ್ನಿಸಿದರೂ ಕಾಲು ಮೇಲೇಳಲಿಲ್ಲ. ಕೊನೆಗೆ ಉದ್ದವ್ವ ಬಂದು ಅವಳ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎತ್ತಿ ಕೆಳಗಿಟ್ಟಳು.

ಮಧ್ಯಾಹ್ನ ಗೋಕಾಕದಲ್ಲಿ, ಎಳೆದು ತಂದ ವ್ಯಾನಿನ ಮುಂದೆ ಕೇದಾರಿ ಒಂದು ಬೋಗುಣಿ ಇಟ್ಟುಕೊಂಡು ಕೂತ. ಎಂಜಿನ್ನಿಗೆ ಗಾಳಿ ಹೋಗುವ ದಪ್ಪ ರಬ್ಬರ್ ಪೈಪನ್ನು ಬಿಚ್ಚಿದ. ಒಣಗಿರಬೇಕಾದ ಪೈಪಿನಿಂದ ಕಪ್ಪು ಎಣ್ಣೆ ಸುರಿದು ಬೋಗುಣಿಯ ತಳ ಮುಚ್ಚಿತು.

"ಎಂಜಿನ್ನಿಗೆ ಗಾಳಿ ತುಂಬೋ ಟರ್ಬೋದ ಸೀಲ್ ಹೋಗೇತಿ. ಎಂಜಿನ್ ತನ್ನ ಆಯಿಲ್ ತಾನ ಕುಡಿಯಾಕತ್ತಿತ್ತು. ಸ್ವಲ್ಪ ಕುಡದಾಗ ಏರೂದು, ಇಳಿಯೂದು. ಇವತ್ತ ಸೀಲ್ ಪೂರಾ ಹರೀತು. ಚಾವಿ ತಗದರ ಡೀಸೆಲ್ ಬಂದ್ ಆಗತೈತಿ, ಆಯಿಲ್ ಬಂದ್ ಆಗೂದಿಲ್ಲ."

"ಹಂಗಾರ ನನ್ನ ಕಾಲು..."

"ನಿನ್ನ ಕಾಲಂದ ಏನೂ ಇಲ್ಲ." ಅವನು ಬೋಗುಣಿಯನ್ನೇ ನೋಡುತ್ತಿದ್ದ. "ಶನಿವಾರನ ನನಗ ಸಂಶೆ ಬಂದಿತ್ತು. ಹೇಳಿದರ ಅಂಜತಿ ಅಂತ ಹೇಳಲಿಲ್ಲ. ತಪ್ಪು ಮಾಡಿದೆ ಯವ್ವಾ. ಅಂಜಬೇಕಾಗಿತ್ತು ನೀನು."

ಅವಳಿಗೆ ಅವನ ಮೇಲೆ ಸಿಟ್ಟು ಬಂತು. ಗ್ಯಾರೇಜಿನ ಕಟ್ಟೆಯ ಮೇಲೆ ಕೂತು ಸುಮ್ಮನೆ ಅತ್ತಳು.

ಹೊಸ ಟರ್ಬೋ ಕೂಡಿಸಿ ವ್ಯಾನ್ ಮರಳಲು ಒಂಬತ್ತು ದಿನ ಹಿಡಿಯಿತು. ಮರುದಿನ ಮುಂಜಾನೆ ಹನ್ನೊಂದು ಹೆಂಗಸರಲ್ಲಿ ಏಳು ಜನ ಬಂದರು. ಉಳಿದವರು ಬಸ್ಸಿಗೆ ಹೋಗುತ್ತೇವೆ ಎಂದರು. ಅವಳು ಬಲವಂತ ಮಾಡಲಿಲ್ಲ. ಹೊರಡುವ ಮುನ್ನ ಹಿಂದಕ್ಕೆ ತಿರುಗಿ, "ನನಗೂ ಅಂಜಿಕಿ ಐತಿ," ಎಂದಳು. "ಏನರ ಸದ್ದು ಬ್ಯಾರೆ ಅನಿಸಿದರ ಹೇಳ್ರಿ. ನಿಂದ್ರಸತೇನಿ. ಯಾರೂ ಸುಮ್ಮ ಕುಂದರಬ್ಯಾಡ್ರಿ."

ಹುಕ್ಕೇರಿ ದಾಟುವವರೆಗೆ ಅವಳೂ ಸೇರಿ ಎಂಟೂ ಜನ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ಕೂತಿದ್ದರು.