ನಾನು ಗೆರೆ ಎಳೆದ ಒಪೆರಾ

ನಾನು ಹಿತ್ತಾಳೆಯ ಒಂದು ಲೇಖನಿ. ನನಗೆ ಐದು ಮೂಗು. ಶಾಯಿಯಲ್ಲಿ ಅದ್ದಿ ಒಮ್ಮೆ ಎಳೆದರೆ ಕಾಗದದ ಮೇಲೆ ಐದು ಗೆರೆ ಮೂಡುತ್ತವೆ. ಪಾಶ್ಚಾತ್ಯ ಸಂಗೀತಗಾರರು ಆ ಗೆರೆಗಳ ಮೇಲೆ ಸ್ವರ ಬರೆಯುತ್ತಾರೆ. ಗೆರೆ ನನ್ನದು, ಹೆಸರು ಅವರದು. ಸ್ಪೇನಿನ ವಲೆನ್ಸಿಯಾದಲ್ಲಿ ಒಬ್ಬ ಕಂಚುಗಾರ ನನ್ನನ್ನು ಮಾಡಿದ. ನಾಲ್ಕನೆಯ ಮೂಗು ಸೊಟ್ಟಗಾದರೂ ಹಾಗೇ ಮಾರಿದ.

ಮೊದಲು ನಾನು ಚರ್ಚಿನ ಆರ್ಗನ್ ವಾದಕನೊಬ್ಬನ ಬಳಿ ಇದ್ದೆ. ಸಾಯುವಾಗ ಆತ ನನ್ನನ್ನು ತನ್ನ ಶಿಷ್ಯ ಎಲಾದಿಯೊ ಮೊನ್ಸೋನಿಸ್‌ಗೆ ಕೊಟ್ಟ. ಎಲಾದಿಯೊ ಹನ್ನೊಂದು ವರ್ಷ ಕೂತು ಒಂದು ಒಪೆರಾ, ಇಡೀ ಹಾಡಿನಲ್ಲೇ ನಡೆಯುವ ನಾಟಕ, ಬರೆದ. ಹೆಂಡತಿ ಅಂಪಾರೊ ನನ್ನಿಂದ ಗೆರೆ ಎಳೆದುಕೊಡುತ್ತಿದ್ದಳು, ಅವನು ಸ್ವರ ತುಂಬುತ್ತಿದ್ದ. ಶಾಯಿ ಇಂಗುತ್ತದೆಂದು ಹಾಳೆಯ ಒಂದೇ ಬದಿಗೆ ಬರೆದ. ಅದನ್ನೊಮ್ಮೆ ರಂಗದ ಮೇಲೆ ಕೇಳಬೇಕೆಂಬುದೇ ಇಬ್ಬರ ಆಸೆ. ಮ್ಯಾಡ್ರಿಡ್‌ನ ರಂಗಮಂದಿರದವರು ನೋಡೋಣ ಎಂದರು. ಅಷ್ಟರಲ್ಲಿ ಯುದ್ಧ ಬಂತು.

ಯುದ್ಧ ಮುಗಿದಾಗ ಅವನ ಪಾಲಿಗೆ ಉಳಿದದ್ದು ಊರಿನ ಬ್ಯಾಂಡ್ ಒಂದೇ. ಗೂಳಿಕಾಳಗದ ಅಂಗಳಕ್ಕೆಂದು ಒಂದು ಮಧ್ಯಾಹ್ನದಲ್ಲಿ ಒಂದು ಪಾಸೊದೋಬ್ಲೆ, ಅಂದರೆ ಹೆಜ್ಜೆ ಹಾಕಿಸುವ ಧಾಟಿ, ಗೀಚಿ ಕೊಟ್ಟ. ಜನ ಹುಚ್ಚೆದ್ದು ಕುಣಿದರು. ಹತ್ತು ಊರಿನ ಬ್ಯಾಂಡಿನವರು ಪ್ರತಿ ಕೇಳಿದರು. ಬರೆಯಲು ಕಾಗದವೇ ಸಿಗದ ಕಾಲ.

ಬ್ಯಾಂಡಿನ ಅಧ್ಯಕ್ಷ ಕಸಿಮಿರೊ ಮೆಲ್ಲಗೆ ಹೇಳಿದ: "ನಿಮ್ ಒಪೆರಾದ ಹಾಳೆ ಹಿಂದ್ಗಡೆ ಖಾಲಿ ಇದ್ಯಲ್ಲ ಮೇಷ್ಟ್ರೇ. ಹೇಗೂ ಪೆಟ್ಟಿಗೇಲಿ ಬಿದ್ದಿದೆ."

"ಗೋಡೆ ಕಾಗದ ಕಿತ್ಕೊಡ್ತೀನಿ. ಅದೊಂದು ಬೇಡ," ಎಂದಳು ಅಂಪಾರೊ.

"ಬರೆದಿದ್ದು ಎಲ್ಲಿಗೆ ಹೋಗುತ್ತೆ? ಹಿಂದೇನೇ ಇರುತ್ತಲ್ಲ," ಎಂದ ಎಲಾದಿಯೊ.

ಚಪ್ಪಾಳೆಯ ರುಚಿ ಹತ್ತಿತ್ತು ಅವನಿಗೆ. ಬ್ಯಾಂಡಿನವರು ವಾದ್ಯಕ್ಕೆ ಸಿಕ್ಕಿಸಿಕೊಳ್ಳುವುದು ಅಂಗೈಯಗಲದ ಚೀಟಿ. ಹಾಗಾಗಿ ಮೊದಲ ಅಂಕದ ಒಂದೊಂದು ಹಾಳೆಯನ್ನೂ ನಾಲ್ಕು ತುಂಡು ಮಾಡಿದರು. ಹಿಂಬದಿಗೆ ಗೆರೆ ಎಳೆದದ್ದು ನಾನೇ. ಆ ಕೆಲಸಕ್ಕೆ ನನಗೆ ಇಂದಿಗೂ ಹೇಸಿಗೆ.

ಮೂರು ವರ್ಷದ ಮೇಲೆ ಮ್ಯಾಡ್ರಿಡ್‌ನಿಂದ ಪತ್ರ ಬಂತು. ಒಪೆರಾ ಆಡಿಸುತ್ತೇವೆ, ತಿಂಗಳೊಳಗೆ ಪೂರ್ತಿ ಪ್ರತಿ ಕಳಿಸಿ ಎಂದಿತ್ತು. ಗಂಡ ಹೆಂಡತಿ ಚೀಟಿ ಕೂಡಿಸಲು ಓಡಿದರು. ಬ್ಯಾಂಡಿನಲ್ಲಿ ದೊಡ್ಡ ಕಹಳೆ ಊದುವ ಕ್ಷೌರಿಕ ಬ್ಲಾಯ್ ತನ್ನ ಚೀಟಿಯನ್ನು ಹೆಮ್ಮೆಯಿಂದ ತೋರಿಸಿದ.

"ಗಾಳಿಗೆ ಮುದುರ್ಕೊಳ್ತಿತ್ತು ಮೇಷ್ಟ್ರೇ. ಹಿಟ್ಟಿನ ಅಂಟು ಮಾಡಿ ರಟ್ಟಿಗೆ ಅಂಟಿಸ್ಬಿಟ್ಟೆ. ನಿಮ್ ಸಂಗೀತ ಹಾಳಾಗಬಾರದು ನೋಡಿ. ಎಲ್ಲಾ ಊರಿನವ್ರಿಗೂ ಹಾಗೇ ಮಾಡೋಕೆ ಹೇಳ್ಕೊಟ್ಟೆ."

ಅಂಪಾರೊ ಒಂದನ್ನು ನೀರಲ್ಲಿ ನೆನೆಸಿದಳು. ಎರಡೂ ಬದಿಯ ಶಾಯಿ ಕರಗಿ ಹೋಯಿತು.

ಎಲಾದಿಯೊ ಮೊದಲ ಅಂಕವನ್ನು ನೆನಪಿನಿಂದ ಬರೆಯಲು ಕೂತ. ಅವಳು ಗೆರೆ ಎಳೆದು ಎಳೆದು ಕೊಟ್ಟಳು. ಏನನ್ನು ಗುನುಗಿದರೂ ನಾಲ್ಕು ಹೆಜ್ಜೆಗೆ ಅದು ಪಾಸೊದೋಬ್ಲೆಗೇ ತಿರುಗುತ್ತಿತ್ತು. ತಿಂಗಳು ಕಳೆಯಿತು. ಅವನು ಪತ್ರಕ್ಕೆ ಉತ್ತರ ಬರೆಯಲೇ ಇಲ್ಲ. ಆರು ವರ್ಷ ಹಾಗೇ ಇದ್ದು ಸತ್ತ. ಬ್ಯಾಂಡಿನವರು ಅದೇ ಚೀಟಿ ಸಿಕ್ಕಿಸಿಕೊಂಡು ಅದನ್ನೇ ಊದುತ್ತ ಅವನನ್ನು ಮಣ್ಣು ಮಾಡಿದರು.

ಈಗ ನಾನು ಪುರಸಭೆಯ ಗಾಜಿನ ಪೆಟ್ಟಿಗೆಯಲ್ಲಿದ್ದೇನೆ. ಪಾಸೊದೋಬ್ಲೆ ಬರೆದ ಲೇಖನಿ ಎಂದು ಫಲಕ ಹಾಕಿದ್ದಾರೆ. ಅಂಪಾರೊ ಒಮ್ಮೆ ಬಂದು ಅದನ್ನು ಎರಡು ಸಲ ಓದಿದಳು.

"ಇದು ಒಪೆರಾ ಬರೆದ ಲೇಖನಿ," ಎಂದಳು.

ಗುಮಾಸ್ತ ಮರ್ಯಾದೆಯಿಂದ ಎದ್ದು ನಿಂತು ಕೇಳಿದ: "ಯಾವ ಒಪೆರಾ ಅಮ್ಮಾ?"