ಕೊರಳ ಹತ್ತಿರದ ಚುಕ್ಕೆ

"ಇದು ಧೂಳಲ್ಲ ಸರ್," ಎಂದಳು ಕುಲ್ಸುಮ್, ಭೂತಗನ್ನಡಿಯಿಂದ ಕಣ್ಣೆತ್ತದೆ.

ಯಲಹಂಕದ ಆ ಸ್ಟುಡಿಯೋದಲ್ಲಿ ಕಪ್ಪು ಬಿಳುಪು ಪ್ರಿಂಟುಗಳ ಚುಕ್ಕೆ ಮುಚ್ಚುವುದು ಅವಳ ಕೆಲಸ. ಇಂಕ್‌ಜೆಟ್ ಪ್ರಿಂಟರಿಗೆ ಹೋಗುವ ಹಾಳೆಯ ಮೇಲೆ ಧೂಳು ಕೂತಿದ್ದರೆ, ಅದು ಉದುರಿದ ಕಡೆ ಬಿಳಿ ಚುಕ್ಕೆ ಉಳಿಯುತ್ತದೆ. ತೆಳು ಮಾಡಿದ ಇಂಕನ್ನು ಬ್ರಶ್ಶಿನ ತುದಿಯಿಂದ ತಾಗಿಸಿ ಅದನ್ನು ಮುಚ್ಚಬೇಕು. ಹಾಳೆ ಒಮ್ಮೆ ಹೀರಿಕೊಂಡರೆ ಮತ್ತೆ ತೆಗೆಯಲಾಗದು.

ರಾಜಾನುಕುಂಟೆಯ ಅಶ್ವತ್ಥ್, ತಂದೆ ಲಕ್ಕಣ್ಣನ ವರ್ಷದ ತಿಥಿಗೆಂದು ಹಳೆಯ ಫೋಟೋ ದೊಡ್ಡದು ಮಾಡಿಸುತ್ತಿದ್ದ. ಬಾವಿಯ ಮುಂದೆ ಲಕ್ಕಣ್ಣ, ಪಕ್ಕದಲ್ಲಿ ಒಬ್ಬ ಹೆಂಗಸು. ಅವಳ ಕೊರಳ ಕೆಳಗೆ ಜೋಡಿ ಚುಕ್ಕೆ. ಧೂಳಾದರೆ ಪ್ರಿಂಟಿನಿಂದ ಪ್ರಿಂಟಿಗೆ ಜಾಗ ಬದಲಿಸಬೇಕು. ಇವು ಎರಡನೇ ಪ್ರಿಂಟಿನಲ್ಲೂ ಅಲ್ಲೇ ಇದ್ದವು.

"ತಾಳಿಬೊಟ್ಟು ಇದ್ದಂಗಿದೆ."

"ತಾಳಿ ಎಲ್ಲಿಂದ ಬರುತ್ತೆ ಮೇಡಂ? ತೋಟದ ಕೆಲ್ಸಕ್ಕೆ ಬರ್ತಿದ್ದೋರು. ಅವ್ರಿಗೆ ಮದುವೇನೇ ಆಗಿಲ್ಲ." ಅಶ್ವತ್ಥ್ ದನಿ ತಗ್ಗಿಸಿದ. "ಆ ತೋಟಾನ ಈಗ ಲೇಔಟ್ ಮಾಡ್ತಿದೀವಿ. ನೆಂಟರು ನೋಡಿ, ಪಾಲು ಗೀಲು ಅಂತ ಇಲ್ಲದ್ದು ಎಬ್ಬಿಸ್ತಾರೆ. ಮುಚ್ಚಿಬಿಡಿ."

"ಹಂಗಿದ್ರೆ ಅವ್ರನ್ನೇ ಕತ್ತರಿಸ್ಬಹುದಿತ್ತಲ್ಲ?"

"ಫೋಟೋ ಅವ್ರದೇ. ಕತ್ತರಿಸಲ್ಲ ಅಂತ ಆಣೆ ಮಾಡಿಸ್ಕೊಂಡೇ ಕೊಟ್ಟಿದ್ದು. ಕಾರಲ್ಲಿ ಕೂತವ್ರೆ, ನಂಬಿಕೆ ಇಲ್ಲ ನೋಡಿ ನನ್ಮೇಲೆ."

"ಕರೀರಿ ಸರ್. ಫೋಟೋದವರು ಹೇಳ್ದೆ ನಾನು ಬ್ರಶ್ ಇಡಲ್ಲ."

ಸೊಣ್ಣಮ್ಮ ಒಳಗೆ ಬಂದಳು. ಫೋಟೋದ್ದೇ ಮುಖ, ಸುಕ್ಕು ಬಿದ್ದಿತ್ತು. ಕೊರಳು ಬರಿದು. ಕುಲ್ಸುಮಳನ್ನು ಮೇಲಿಂದ ಕೆಳಗೆ ನೋಡಿ, "ನೀನೂ ಇವನ ಕಡೆಯವಳೇನವ್ವ?" ಎಂದಳು.

"ನಾನು ಯಾರ ಕಡೆಯವಳೂ ಅಲ್ಲಮ್ಮ. ಎಲ್ಲೆಲ್ಲಿ ಧೂಳಿದೆ, ನೀವೇ ತೋರ್ಸಿ. ಅಷ್ಟನ್ನೇ ಮುಚ್ತೀನಿ."

ಸೊಣ್ಣಮ್ಮ ಬಗ್ಗಿದಳು. ಅವಳ ಬೆರಳು ಆಕಾಶದಲ್ಲಿ ಒಂದು ಕಡೆ ನಿಂತಿತು. "ಇಲ್ಲೊಂದು." ಲಕ್ಕಣ್ಣನ ಪೇಟದ ಮೇಲೊಂದು. ಬಾವಿಯ ಕಲ್ಲಿನ ಮೇಲೊಂದು. ಹೆಂಗಸಿನ ಸೆರಗಿಗೆ ಬಂದ ಬೆರಳು ಮೇಲೇರಿ, ಕೊರಳನ್ನು ದಾಟಿ, ಕಿವಿಯ ಪಕ್ಕದ ಒಂದು ಚುಕ್ಕೆಗೆ ಹೋಯಿತು.

"ಇಷ್ಟೇ."

"ಚಿಕ್ಕಮ್ಮಾ, ಅದನ್ನ ಬಿಟ್ರಲ್ಲ!" ಎಂದುಬಿಟ್ಟ ಅಶ್ವತ್ಥ್. ಎಂದವನೇ ಕುಲ್ಸುಮಳ ಕಡೆ ನೋಡಿದ.

"ನಂಗೆ ಇಷ್ಟೇ ಕಾಣ್ಸೋದು ಕಣಪ್ಪ."

"ನಾನ್ ತೋರಿಸ್ತೀನಿ, ಇಲ್ಲಿ..." ಅವನು ಕೈ ಚಾಚುವಷ್ಟರಲ್ಲಿ ಸೊಣ್ಣಮ್ಮನ ಹೆಬ್ಬೆರಳು ಆ ಜೋಡಿ ಚುಕ್ಕೆಯ ಮೇಲೆ ಕೂತಿತು.

ಪ್ರಿಂಟಿಗೆ ಬರಿಗೈ ತಾಗಿಸಿದವರನ್ನು ಕುಲ್ಸುಮ್ ಗದರದೆ ಬಿಟ್ಟವಳಲ್ಲ. ಈಗ ಮಾತ್ರ ದೀಪವನ್ನು ಇನ್ನಷ್ಟು ಹತ್ತಿರಕ್ಕೆಳೆದು, ಬ್ರಶ್ ಅದ್ದಿ, ಆಕಾಶದಿಂದ ಶುರು ಮಾಡಿದಳು. ಹೆಬ್ಬೆರಳು ಅಲ್ಲೇ ಇತ್ತು.