ಮಕ್ಕಳ ಅಳತೆಯ ಬಳೆ

ಸೊಸೆ ಪೂಜಿತಾಳ ಸೀಮಂತಕ್ಕೆಂದು ಯಸಳೂರಿನ ಜಗದಾಂಬ ಬಾಳ್ಳುಪೇಟೆಯಿಂದ ದೊಡ್ಡವರ ಅಳತೆಯ ಹಸಿರು ಬಳೆಯನ್ನೇ ತಂದರು. ಮಕ್ಕಳ ಬಳೆ ತನ್ನಿ ಎಂದು ಪೂಜಿತಾ ಮೊದಲೇ ಹೇಳಿದ್ದಳು. ಎರಡೂ ಕೈಗೆ ಹೆಬ್ಬೆರಳಿಲ್ಲದೆ ಹುಟ್ಟಿದವಳು. ಮುಂಗೈ ಗಿಡ್ಡ, ಗದ್ದ ಒಳಸರಿದದ್ದು. ದೊಡ್ಡ ಬಳೆ ಅವಳ ಕೈಗೆ ಹೋದ ದಾರಿಯಲ್ಲೇ ವಾಪಸು ಬರುತ್ತದೆ. ಆದರೆ ಬಸುರಿಗೆ ಮಕ್ಕಳ ಬಳೆ ಕೇಳಿದರೆ ಅಂಗಡಿಯವನು ಯಾಕೆ ಎಂದು ಕೇಳಿಯಾನೆಂಬ ಅಂಜಿಕೆ ಅತ್ತೆಗೆ.

ಅಂಜಿಕೆ ಬಳೆಯದಷ್ಟೇ ಅಲ್ಲ. ಸ್ಕ್ಯಾನಿನಲ್ಲಿ ಮಗುವಿಗೂ ಹೆಬ್ಬೆರಳು ಕಂಡಿರಲಿಲ್ಲ. ವಂಶದಲ್ಲಿ ಬರುವ ಅಪರೂಪದ ತೊಂದರೆ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. "ಹುಟ್ಟೋಗಂಟ ಬಾಯಿ ಬಿಡಬ್ಯಾಡ. ಆಮೇಲೆ ಗ್ರಹಣ ಹಿಡೀತು ಅಂದ್ರಾಯ್ತು," ಎಂದು ಜಗದಾಂಬ ತೀರ್ಮಾನಿಸಿದ್ದರು. ಗ್ರಹಣವೇನೂ ಬಂದು ಎದುರುತ್ತರ ಕೊಡುವುದಿಲ್ಲವಲ್ಲ.

ಪಕ್ಕದ ಮನೆಯ ಭೂತಮ್ಮ ಬಳೆ ತೊಡಿಸಿದರು. ತೊಟ್ಟ ಬಳೆ ಹೆರಿಗೆಯವರೆಗೆ ಕೈ ಬಿಡಬಾರದು. ಪೂಜಿತಾ ಕೈ ಇಳಿಸಿದ್ದೇ ತಡ, ಎಲ್ಲ ಜಾರಿ ಬಿದ್ದವು. ಕೆಲವು ಒಡೆದವು. ಹೆಂಗಸರೆಲ್ಲ ಒಟ್ಟಿಗೇ ಸೆರಗು ಸರಿಮಾಡಿಕೊಳ್ಳತೊಡಗಿದರು.

"ಅಪಶಕುನ ಕಣವ್ವ. ಗ್ರಹಣದಾಗೆ ಹೊರಕ್ಕೆ ಬಂದಿದ್ಯಾ?" ಎಂದರು ಭೂತಮ್ಮ.

"ಬಂದಿದ್ಲು. ಸೌತೇಕಾಯಿನೂ ಹೆಚ್ಬುಟ್ಲು," ಎಂದರು ಜಗದಾಂಬ.

"ಹೆಚ್ಚಿಲ್ಲ ಕಣತ್ತೆ." ಪೂಜಿತಾಳ ಮಾತು ಕೊಂಚ ಮೂಗಿನಲ್ಲಿ ಬರುತ್ತಿತ್ತು, ಈಗ ಕಾಫಿ ಕಣದವರೆಗೂ ಕೇಳಿಸಿತು. "ನಮ್ಮಪ್ಪಂಗೂ ಹಿಂಗೇ ಐತೆ, ನಂಗೂ ಐತೆ. ಹೊಟ್ಟೇಲಿರೋ ಮಗೀಗೂ ಐತೆ, ಸ್ಕ್ಯಾನ್‌ನಾಗೆ ನೋಡಿದೀವಿ. ಸೂರ್ಯ ಚಂದ್ರ ಏನು ಮಾಡ್ಯಾವೆ, ಪಾಪ."

"ಅಯ್ಯೋ, ಹೆಂಗವ್ವಾ ಬದುಕ್ತದೆ ಅದು?"

"ನಾನು ಬದುಕಿದಂಗೆ. ಹೋದ್ವರ್ಷ ಮೆಣಸು ಕುಯ್ಯಕ್ಕೆ ನನ್ನೇ ಮುಯ್ಯಾಳು ಕರೆದ್ರಲ್ಲಜ್ಜಿ, ಆಗ ಬೆರಳು ಎಣಿಸಿದ್ರಾ?"

ಭೂತಮ್ಮ ಎಣಿಸಿರಲಿಲ್ಲ. ಮೆಣಸನ್ನು ಮಾತ್ರ ತೂಗಿದ್ದರು.

"ಆಯ್ತಾಯ್ತು, ಎಲೆ ಹಾಕ್ರೋ," ಎಂದು ಜಗದಾಂಬ ಊಟವನ್ನು ಅಡ್ಡ ತಂದರು. ಪೂಜಿತಾ ಮಣೆ ಬಿಟ್ಟು ಏಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಗಂಡ ಮೋಹನನನ್ನು ಕರೆದಳು.

"ರೀ, ಬೈಕ್ ತಗಂಡು ಹೋಗಿ ಮಕ್ಕಳ ಬಳೆ ತನ್ನಿ. ಯಾಕೆ ಅಂತ ಕೇಳಿದ್ರೆ ಹೇಳಿ. ಕೇಳ್ದಿದ್ರೂ ಹೇಳಿ."

"ಅಲ್ಲೀಗಂಟ ಊಟ?" ಎಂದು ಮೋಹನನ ಚಿಕ್ಕಮ್ಮ ಗೊಣಗಿದರು.

"ಬಳೆ ತೊಡಿಸ್ದೆ ಎಲೆ ಹಾಕಂಗಿಲ್ಲ. ನೀವೇ ಮಾಡಿದ ಪದ್ಧತಿ ಅಲ್ವಾ, ಚಿಕ್ಕಮ್ಮ?"

ಬೈಕು ಇಳಿಜಾರಿನಲ್ಲಿ ಇಳಿದು ಹೋಯಿತು. ಒಳಗಿನಿಂದ ಪಾಯಸದ ಘಮ ಬರುತ್ತಿತ್ತು, ಯಾರೂ ಏಳುವಂತಿರಲಿಲ್ಲ. ಪೂಜಿತಾ ಬರಿಗೈಗಳನ್ನು ಹೊಟ್ಟೆಯ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡು ಕೂತಳು.